ನಿಮಗಿದು ಗೊತ್ತೇ? ಹೆಸರು ಒಂದೇ, ಮನೆ ಬೇರೆ

ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿದ್ದರೆ ಹಾಜರಿ ಕರೆಯುವ ಮೇಷ್ಟ್ರು ಇನಿಷಿಯಲ್ ಸೇರಿಸಿ ಕೂಗುತ್ತಾರೆ. ಪ್ರೋಗ್ರಾಮಿಂಗ್ ಲೋಕದ 'ಕ್ಲಾಸ್'ಗಳಿಗೂ ಇದೇ ಫಜೀತಿ, ಇದೇ ಪರಿಹಾರ. ಅಲ್ಲಿ ಇನಿಷಿಯಲ್ಲಿಗೆ ಪ್ಯಾಕೇಜ್ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

● ಹೆಸರಿನ ಜಗಳ ಜಾವಾ ಭಾಷೆಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. 1991ರಲ್ಲಿ ಜೇಮ್ಸ್ ಗಾಸ್ಲಿಂಗ್ ಈ ಭಾಷೆಯ ಕೆಲಸ ಶುರು ಮಾಡಿದಾಗ ಅದಕ್ಕಿಟ್ಟ ಹೆಸರು 'ಓಕ್', ಅವರ ಕಚೇರಿಯ ಹೊರಗಿದ್ದ ಓಕ್ ಮರದ ನೆನಪಿಗೆ. ಆದರೆ ಆ ಹೆಸರಿನ ಟ್ರೇಡ್‌ಮಾರ್ಕ್ ಆಗಲೇ ಬೇರೊಂದು ಕಂಪನಿಯ ಕೈಯಲ್ಲಿತ್ತು. ಹಾಗಾಗಿ 1995ರಲ್ಲಿ ಓಕ್ ಹೋಗಿ ಜಾವಾ ಬಂತು.

● ಜಾವಾದಲ್ಲಿ 'ಡೇಟ್' ಎಂಬ ಹೆಸರಿನ ಕ್ಲಾಸ್‌ಗಳು ಎರಡಿವೆ. ಒಂದು ಜಾವಾ.ಯುಟಿಲ್ ಮನೆಯದು, ಇನ್ನೊಂದು ಜಾವಾ.ಎಸ್‌ಕ್ಯುಎಲ್ ಮನೆಯದು. ಮೊದಲನೆಯದು ದಿನಾಂಕದ ಜೊತೆ ಗಂಟೆ, ನಿಮಿಷ, ಮಿಲಿಸೆಕೆಂಡನ್ನೂ ಇಟ್ಟುಕೊಳ್ಳುತ್ತದೆ. ಎರಡನೆಯದು ಡೇಟಾಬೇಸಿನ ದಿನಾಂಕಕ್ಕಷ್ಟೇ ಮೀಸಲು. ತಮಾಷೆ ಎಂದರೆ ಇವೆರಡೂ ತಂದೆ ಮಕ್ಕಳು: ಎಸ್‌ಕ್ಯುಎಲ್ ಮನೆಯ ಡೇಟ್, ಯುಟಿಲ್ ಮನೆಯ ಡೇಟ್‌ನಿಂದಲೇ ಹುಟ್ಟಿದೆ. ಮಗನಿಗೂ ಅಪ್ಪನ ಹೆಸರನ್ನೇ ಇಟ್ಟಿದ್ದಾರೆ!

● ಡೇಟಾಬೇಸಿಗೆ ಮಗನನ್ನು ಕಳಿಸಬೇಕಾದ ಜಾಗದಲ್ಲಿ ಅಪ್ಪನನ್ನು ಕಳಿಸಿ ನೋಡಿ, ಕಂಪೈಲರ್ ತಡೆದು ನಿಲ್ಲಿಸುತ್ತದೆ. ಉಳಿದ ತಪ್ಪುಗಳನ್ನು ಹೇಳುವಾಗ ಜಾವಾ ಕಂಪೈಲರ್ ಸಾಮಾನ್ಯವಾಗಿ ಕ್ಲಾಸಿನ ಚಿಕ್ಕ ಹೆಸರನ್ನಷ್ಟೇ ಬರೆಯುತ್ತದೆ. ಇಲ್ಲಿ ಮಾತ್ರ ಎರಡಕ್ಕೂ ಪ್ಯಾಕೇಜ್ ಸೇರಿಸಿ ಪೂರ್ತಿ ಹೆಸರು ಹೇಳುತ್ತದೆ. 'ಡೇಟ್ ಅನ್ನು ಡೇಟ್ ಮಾಡಲಾಗದು' ಎಂದು ದೂರಿದರೆ ಓದುವವನ ತಲೆ ಕೆಡುತ್ತದೆಂದು ಅದಕ್ಕೂ ಗೊತ್ತು. 2014ರ ಜಾವಾ 8ರಲ್ಲಿ ದಿನಾಂಕಕ್ಕಾಗಿಯೇ ಹೊಸ ಪ್ಯಾಕೇಜ್ ಬಂತು. ಅದರಲ್ಲಿ ಬರೀ 'ಡೇಟ್' ಎಂಬ ಕ್ಲಾಸೇ ಇಲ್ಲ, ಇರುವುದು 'ಲೋಕಲ್‌ಡೇಟ್'.

● ಎರಡೂ ಡೇಟ್ ಒಂದೇ ಫೈಲಿನಲ್ಲಿ ಬೇಕೆಂದರೆ? ಎರಡನ್ನೂ ಹೆಸರು ಹೇಳಿ ಇಂಪೋರ್ಟ್ ಮಾಡಿದರೆ, ಅಂದರೆ ಫೈಲಿನ ಆರಂಭದಲ್ಲೇ ಕರೆಸಿಕೊಂಡರೆ, ಕಂಪೈಲರ್ ಒಪ್ಪದು. ಒಂದನ್ನು ಇಂಪೋರ್ಟ್ ಮಾಡಿ ಚಿಕ್ಕ ಹೆಸರಿನಿಂದ ಕರೆಯಬೇಕು, ಇನ್ನೊಂದನ್ನು ಪ್ರತಿ ಸಲವೂ ಪೂರ್ತಿ ವಿಳಾಸದೊಂದಿಗೆ ಬರೆಯಬೇಕು. ಕಾಟ್ಲಿನ್, ಸಿ ಶಾರ್ಪ್, ಪೈಥಾನ್ ಭಾಷೆಗಳಲ್ಲಿ ಇಂಪೋರ್ಟ್ ಮಾಡುವಾಗಲೇ ಅಡ್ಡಹೆಸರು ಇಟ್ಟುಬಿಡಬಹುದು. ಜಾವಾದಲ್ಲಿ ಆ ಸೌಲಭ್ಯ ಇಂದಿಗೂ ಇಲ್ಲ.

● ಪ್ಯಾಕೇಜಿನ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಮನೆಯವರೆಲ್ಲರಿಗೂ ಆಮಂತ್ರಣ. ಹೀಗೆ ಕರೆದ ಎರಡು ಮನೆಗಳಲ್ಲಿ ಒಂದೇ ಹೆಸರಿನವರಿದ್ದರೂ ಕಂಪೈಲರ್ ಸುಮ್ಮನಿರುತ್ತದೆ. ನೀವು ಆ ಹೆಸರು ಹಿಡಿದು ಕೂಗಿದ ಕ್ಷಣವೇ 'ಯಾವ ಮನೆಯವನು?' ಎಂದು ಕೇಳುತ್ತದೆ. ಅಂದರೆ ಒಂದೇ ಹೆಸರಿನವರು ಇಬ್ಬರಿರುವುದು ತಪ್ಪಲ್ಲ, ಅರ್ಧ ಹೆಸರು ಕರೆಯುವುದೇ ತಪ್ಪು.

● 1998ರ ಡಿಸೆಂಬರಿನಲ್ಲಿ ಜಾವಾ 1.2 ಬಂದಾಗ ಅನೇಕರಿಗೆ ಈ ಪಾಠವಾಯಿತು. ಅಲ್ಲಿಯವರೆಗೆ 'ಲಿಸ್ಟ್' ಎಂದರೆ ಒಂದೇ: ಪರದೆಯ ಮೇಲೆ ಆಯ್ಕೆಗಳ ಪಟ್ಟಿ ತೋರಿಸುವ ಜಾವಾ.ಎಡಬ್ಲ್ಯುಟಿಯ ಲಿಸ್ಟ್. ಹೊಸ ಆವೃತ್ತಿ ಜಾವಾ.ಯುಟಿಲ್ ಮನೆಗೂ ಒಂದು ಲಿಸ್ಟ್ ತಂದಿತು. ಎರಡೂ ಮನೆಗೆ ನಕ್ಷತ್ರದ ಆಮಂತ್ರಣ ಕೊಟ್ಟು 'ಲಿಸ್ಟ್' ಬಳಸಿದ್ದ ಹಳೆಯ ಕೋಡ್, ಒಂದಕ್ಷರ ಬದಲಾಗದಿದ್ದರೂ ಕಂಪೈಲ್ ಆಗದೆ ಕೂತಿತು. ಮದ್ದು ಒಂದೇ ಸಾಲಿನದು: ಬೇಕಾದ ಲಿಸ್ಟ್ ಯಾವುದೆಂದು ಹೆಸರು ಹೇಳಿ ಇಂಪೋರ್ಟ್ ಮಾಡುವುದು. ಹೆಸರು ಹೇಳಿ ಕರೆದವನ ಮುಂದೆ ನಕ್ಷತ್ರದ ಅತಿಥಿ ಹಿಂದೆ ಸರಿಯಲೇಬೇಕು.

● ಸ್ಟ್ರಿಂಗ್, ಆಬ್ಜೆಕ್ಟ್, ಸಿಸ್ಟಮ್ ಇವನ್ನು ಯಾರೂ ಇಂಪೋರ್ಟ್ ಮಾಡುವುದಿಲ್ಲ. ಇವೆಲ್ಲ ಇರುವ ಜಾವಾ.ಲ್ಯಾಂಗ್ ಪ್ಯಾಕೇಜ್ ಪ್ರತಿ ಫೈಲಿಗೂ ಕರೆಯದೆಯೇ ಬಂದುಬಿಡುತ್ತದೆ.

● ಹಾಗಾದರೆ ನೀವೇ 'ಸ್ಟ್ರಿಂಗ್' ಎಂಬ ಕ್ಲಾಸ್ ಬರೆದರೆ? ಜಾವಾ ಬೇಡವೆನ್ನುವುದಿಲ್ಲ. ಈಗ ಅದೇ ಪ್ಯಾಕೇಜಿನಲ್ಲಿ ಇನ್ನೊಂದು ಕ್ಲಾಸ್ ಬರೆದು, ಎಲ್ಲರೂ ಬಾಯಿಪಾಠ ಮಾಡಿರುವ ಮೇನ್ ಮೆಥಡ್ ಹಾಕಿ. ಕಂಪೈಲ್ ಸಲೀಸಾಗಿ ಆಗುತ್ತದೆ. ರನ್ ಮಾಡಿ, 'ಮೇನ್ ಮೆಥಡ್ ಸಿಗಲಿಲ್ಲ' ಎಂಬ ದೂರು! ಕಣ್ಣೆದುರೇ ಇದೆಯಲ್ಲ ಎಂದು ನೀವು ಪರದೆ ತೋರಿಸಿದರೂ ಪ್ರಯೋಜನವಿಲ್ಲ. ಏಕೆಂದರೆ ಅದೇ ಪ್ಯಾಕೇಜಿನ ಕ್ಲಾಸಿಗೆ ತಾನಾಗಿ ಬಂದ ಜಾವಾ.ಲ್ಯಾಂಗ್‌ಗಿಂತ ಹೆಚ್ಚಿನ ಹಕ್ಕು. ನಿಮ್ಮ ಮೇನ್ ಮೆಥಡ್ ಈಗ ತೆಗೆದುಕೊಳ್ಳುತ್ತಿರುವುದು ನಿಮ್ಮ ಸ್ಟ್ರಿಂಗ್‌ಗಳ ಸಾಲನ್ನು. ಜಾವಾ ಹುಡುಕುತ್ತಿರುವುದು ಅಸಲಿ ಸ್ಟ್ರಿಂಗ್‌ಗಳ ಸಾಲು ತೆಗೆದುಕೊಳ್ಳುವ ಮೇನ್ ಅನ್ನು. ಮನೆಯ ಹುಡುಗ ಊರ ಗೌಡನ ಹೆಸರಿಟ್ಟುಕೊಂಡ ಮಾತ್ರಕ್ಕೆ ಪಂಚಾಯಿತಿ ಅವನನ್ನು ಗೌಡನೆಂದು ಒಪ್ಪೀತೇ?

● ನಿಮ್ಮ ಕ್ಲಾಸನ್ನು ಜಾವಾ.ಲ್ಯಾಂಗ್ ಪ್ಯಾಕೇಜಿನೊಳಗೇ ತೂರಿಸೋಣವೆಂದರೆ ಆ ಬಾಗಿಲು ಮುಚ್ಚಿದೆ. 'ಜಾವಾ' ಎಂದು ಶುರುವಾಗುವ ಪ್ಯಾಕೇಜುಗಳಿಗೆ ಹೊರಗಿನವರ ಕ್ಲಾಸ್ ಬಂದರೆ, ಓಡುವಾಗ ಕ್ಲಾಸುಗಳನ್ನು ತರುವ ಕ್ಲಾಸ್ ಲೋಡರ್ ಭದ್ರತೆಯ ಕಾರಣ ಕೊಟ್ಟು ಹೊರಗಟ್ಟುತ್ತದೆ.

● ಜಗತ್ತಿನ ಲಕ್ಷಾಂತರ ಪ್ರೋಗ್ರಾಮರುಗಳ ಪ್ಯಾಕೇಜುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲು ಜಾವಾ ಕಂಡುಕೊಂಡ ಉಪಾಯ ಸರಳ: ನಿಮ್ಮ ವೆಬ್ ವಿಳಾಸವನ್ನು ತಿರುಗಿಸಿ ಬರೆಯಿರಿ. ಅಪಾಚೆ.ಆರ್ಗ್ ಎಂಬುದು ಆರ್ಗ್.ಅಪಾಚೆ ಆಗುತ್ತದೆ. ಒಂದು ವಿಳಾಸ ಒಬ್ಬರಿಗಷ್ಟೇ ಸೇರಿದ್ದರಿಂದ ಹೊಸದಾಗಿ ನೋಂದಣಿ ಕಚೇರಿ ತೆರೆಯುವ ಗೋಜಿಲ್ಲ.

● ಈ ತಿರುಗು ಮುರುಗು ಕನ್ನಡಿಗರಿಗೆ ಹೊಸದಲ್ಲ. ಹಳೇ ಮೈಸೂರು ಕಡೆ ಊರು, ಅಪ್ಪ, ಕೊನೆಗೆ ತನ್ನ ಹೆಸರು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಜಾವಾ ಪದ್ಧತಿ. ಧಾರವಾಡದ ಕಡೆ ತನ್ನ ಹೆಸರು, ಅಪ್ಪ, ಕೊನೆಗೆ ಮನೆತನ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇದು ಚಿಕ್ಕದರಿಂದ ದೊಡ್ಡದಕ್ಕೆ ಏರುವ ವೆಬ್ ವಿಳಾಸದ ಪದ್ಧತಿ. ಇನ್ನು ಪೂರ್ತಿ ಹೆಸರನ್ನೇ ಕುಗ್ಗಿಸಿದ 'ಕುವೆಂಪು'? ಜಾವಾದಲ್ಲಿಲ್ಲದ ಅಡ್ಡಹೆಸರಿನ ಸೌಲಭ್ಯ!

● ವೆಬ್ ವಿಳಾಸದಲ್ಲಿ ಅಡ್ಡಗೆರೆ ಇರಬಹುದು, ಅಂಕಿಯಿಂದಲೂ ಶುರುವಾಗಬಹುದು. ಜಾವಾ ಹೆಸರುಗಳಲ್ಲಿ ಎರಡಕ್ಕೂ ಅವಕಾಶವಿಲ್ಲ. ಅಂಥಲ್ಲಿ ಅಡ್ಡಗೆರೆಯ ಬದಲು ಅಡಿಗೆರೆ ಹಾಕಿ, ಅಂಕಿಗೆ ಮೊದಲೊಂದು ಅಡಿಗೆರೆ ಸೇರಿಸಿ ಎನ್ನುತ್ತದೆ ಜಾವಾದ ನಿಯಮ ಪುಸ್ತಕ.

● ನಿಮ್ಮ ಆಂಡ್ರಾಯ್ಡ್ ಫೋನಿನ ಪ್ರತಿ ಆ್ಯಪ್‌ಗೂ ಇಂಥದೇ ತಿರುಗಿಸಿದ ಹೆಸರಿದೆ. ವಾಟ್ಸ್‌ಆ್ಯಪ್‌ನದು ಕಾಮ್.ವಾಟ್ಸ್‌ಆ್ಯಪ್. ಫೇಸ್‌ಬುಕ್‌ನದು ಕಾಮ್.ಫೇಸ್‌ಬುಕ್.ಕಟಾನಾ, ಕೊನೆಯ ಪದ ಜಪಾನಿನ ಕತ್ತಿಯ ಹೆಸರು. ಪ್ಲೇ ಸ್ಟೋರಿಗೆ ಹೋದ ಆ್ಯಪ್‌ನ ಈ ಹೆಸರನ್ನು ಆಮೇಲೆ ಬದಲಿಸುವಂತಿಲ್ಲ. ಹಾಗಾಗಿ 2023ರಲ್ಲಿ ಟ್ವಿಟರ್ 'ಎಕ್ಸ್' ಎಂದು ಬೋರ್ಡು ಬದಲಿಸಿದರೂ ಒಳಗಿನ ಹೆಸರು ಕಾಮ್.ಟ್ವಿಟರ್.ಆಂಡ್ರಾಯ್ಡ್ ಆಗಿಯೇ ಉಳಿಯಿತು.

● ಜಾವಾ.ಯುಟಿಲ್ ಮತ್ತು ಜಾವಾ.ಯುಟಿಲ್.ರೆಜೆಕ್ಸ್ ನೋಡಲು ತಾಯಿ ಮಗುವಿನಂತಿವೆ. ಕಂಪೈಲರ್ ಪಾಲಿಗೆ ಅವೆರಡೂ ಸಂಬಂಧವೇ ಇಲ್ಲದ ಎರಡು ಮನೆಗಳು. ಮೊದಲನೆಯದಕ್ಕೆ ನಕ್ಷತ್ರ ಹಾಕಿ ಕರೆದರೆ ಎರಡನೆಯದರಿಂದ ಯಾರೂ ಬರುವುದಿಲ್ಲ.

● ಇಂಪೋರ್ಟ್ ಸಾಲು ಹೆಚ್ಚಾದಷ್ಟೂ ಪ್ರೋಗ್ರಾಮ್ ಭಾರವಾಗುತ್ತದೆಂದು ನಂಬಿದವರು ಬಹಳ. ಜಾವಾದ ಮಟ್ಟಿಗೆ ಅದು ಸುಳ್ಳು. ಇಂಪೋರ್ಟ್ ಎಂಬುದು ಬರೆಯುವವರ ಬೆರಳಿನ ಶ್ರಮ ಉಳಿಸಲಿಕ್ಕಷ್ಟೇ. ಕಂಪೈಲ್ ಆದ ಫೈಲಿನಲ್ಲಿ ಇಂಪೋರ್ಟ್ ಸಾಲುಗಳೇ ಇರುವುದಿಲ್ಲ, ಎಲ್ಲ ಕ್ಲಾಸುಗಳೂ ಪೂರ್ತಿ ಹೆಸರಿನಲ್ಲೇ ಇರುತ್ತವೆ. ಚುಕ್ಕಿ ಇದ್ದಲ್ಲಿ ಓರೆಗೆರೆ ಬಂದಿರುತ್ತದೆ, ಅಷ್ಟೇ.

● ಪ್ಯಾಕೇಜಿನ ಹೆಸರೇ ಬರೆಯದ ಕ್ಲಾಸ್ ಏನಾಗುತ್ತದೆ? ಹೆಸರಿಲ್ಲದ ಪ್ಯಾಕೇಜಿಗೆ ಸೇರುತ್ತದೆ. ಲ್ಯಾಬಿನ ಮೊದಲ ಪ್ರೋಗ್ರಾಮಿಗೆ ಅದು ಸಾಕು. ಆದರೆ ಹೆಸರಿರುವ ಪ್ಯಾಕೇಜಿನವರು ಅದನ್ನು ಇಂಪೋರ್ಟ್ ಮಾಡಲಾರರು. ವಿಳಾಸವಿಲ್ಲದವನಿಗೆ ಕಾಗದ ಬರೆಯುವುದೆಲ್ಲಿಗೆ?

● ಜಾವಾ ಹುಟ್ಟಿದ 'ಸನ್' ಎಂಬ ಕಂಪನಿಯನ್ನು ಒರಾಕಲ್ 2010ರಲ್ಲಿ ಕೊಂಡುಕೊಂಡಿತು. ಬೋರ್ಡು ಇಳಿಯಿತು, ಪ್ಯಾಕೇಜ್ ಇಳಿಯಲಿಲ್ಲ. 'ಸನ್' ಎಂದೂ 'ಕಾಮ್.ಸನ್' ಎಂದೂ ಶುರುವಾಗುವ ಪ್ಯಾಕೇಜುಗಳು ಜಾವಾದೊಳಗೆ ಇನ್ನೂ ಇವೆ. ಹೆಸರು ಬದಲಿಸಿದರೆ ಅದನ್ನು ಇಂಪೋರ್ಟ್ ಮಾಡಿದವರೆಲ್ಲರ ಕೋಡ್ ಮುರಿಯುತ್ತದೆ.

● ಹಾಗೆ ಮುರಿದದ್ದೂ ಉಂಟು. ದೊಡ್ಡ ಸಂಸ್ಥೆಗಳ ಸರ್ವರುಗಳಲ್ಲಿ ಓಡುವ 'ಜಾವಾ ಇಇ'ಯನ್ನು ಒರಾಕಲ್ 2017ರಲ್ಲಿ ಎಕ್ಲಿಪ್ಸ್ ಫೌಂಡೇಷನ್ನಿಗೆ ಬಿಟ್ಟುಕೊಡಲು ಮುಂದಾಯಿತು. ಕೋಡ್ ಕೊಟ್ಟಿತು, 'ಜಾವಾ' ಎಂಬ ಟ್ರೇಡ್‌ಮಾರ್ಕ್ ಕೊಡಲಿಲ್ಲ. 'ಜಾವಾಎಕ್ಸ್' ಎಂದು ಶುರುವಾಗುವ ಪ್ಯಾಕೇಜುಗಳನ್ನು ಹೊಸ ಯಜಮಾನರು ಬೆಳೆಸುವಂತಿರಲಿಲ್ಲ. ಕೊನೆಗೆ 2020ರ ಡಿಸೆಂಬರಿನಲ್ಲಿ ಬಂದ 'ಜಕಾರ್ತಾ ಇಇ 9' ಆ ಹೆಸರುಗಳನ್ನೆಲ್ಲ 'ಜಕಾರ್ತಾ' ಎಂದು ಬದಲಿಸಿತು. ಆವೃತ್ತಿಯ ಮುಖ್ಯ ಕೆಲಸವೇ ಅದು. ಜಕಾರ್ತಾ ಯಾವ ದ್ವೀಪದಲ್ಲಿದೆ ಗೊತ್ತೇ? ಜಾವಾದಲ್ಲಿ!

● ಹೆಸರು ಬದಲಿಸುವುದು ಕೆಲವೊಮ್ಮೆ ಜಾಣತನ. ಅಪಾಚೆಯ 'ಕಾಮನ್ಸ್ ಲ್ಯಾಂಗ್' ಲೈಬ್ರರಿ ಮೂರನೇ ಆವೃತ್ತಿಯಲ್ಲಿ ತನ್ನ ಪ್ಯಾಕೇಜಿನ ಬಾಲಕ್ಕೆ 3 ಸೇರಿಸಿಕೊಂಡಿತು. ಇದರಿಂದ ಹಳೆಯದೂ ಹೊಸದೂ ಒಂದೇ ಪ್ರೋಗ್ರಾಮಿನಲ್ಲಿ ಜಗಳವಿಲ್ಲದೆ ಬಾಳುತ್ತವೆ.

● ಹಾಗೆ ಮಾಡದ ಲೈಬ್ರರಿಯ ಎರಡು ಆವೃತ್ತಿಗಳು ಒಟ್ಟಿಗೆ ಬಂದರೆ? ಪ್ಯಾಕೇಜ್ ಸಹಿತ ಪೂರ್ತಿ ಹೆಸರೇ ಒಂದಾಗಿಬಿಡುತ್ತದೆ. ಜಾವಾ ತಾನು ಹುಡುಕುವ ದಾರಿಯಲ್ಲಿ ಮೊದಲು ಸಿಕ್ಕದ್ದನ್ನು ಎತ್ತಿಕೊಳ್ಳುತ್ತದೆ, ಎರಡನೆಯದರತ್ತ ತಿರುಗಿಯೂ ನೋಡುವುದಿಲ್ಲ. ಸಿಕ್ಕದ್ದು ಹಳೆಯದಾದರೆ, ಹೊಸದರಲ್ಲಿರುವ ಮೆಥಡ್ ಕರೆದಾಗ 'ಅಂಥದ್ದಿಲ್ಲ' ಎಂದು ಪ್ರೋಗ್ರಾಮ್ ನಡುದಾರಿಯಲ್ಲಿ ನಿಲ್ಲುತ್ತದೆ. ಈ ಪಾಡಿಗೆ ಪ್ರೋಗ್ರಾಮರುಗಳು ಇಟ್ಟ ಹೆಸರು 'ಜಾರ್ ಹೆಲ್', ಅಂದರೆ ಲೈಬ್ರರಿಗಳನ್ನು ಕಟ್ಟಿಡುವ ಜಾರ್ ಫೈಲುಗಳ ನರಕ.

● ಪೂರ್ತಿ ಹೆಸರು ಒಂದೇ, ಕೋಡೂ ಒಂದೇ, ಆದರೂ ಬೇರೆ ಬೇರೆ ಕ್ಲಾಸ್! ಇದೂ ಸಾಧ್ಯ. ಓಡುವಾಗ ಜಾವಾ ಒಂದು ಕ್ಲಾಸನ್ನು ಗುರುತಿಸುವುದು ಪೂರ್ತಿ ಹೆಸರು ಮತ್ತು ಅದನ್ನು ತಂದ ಕ್ಲಾಸ್ ಲೋಡರ್, ಎರಡನ್ನೂ ಸೇರಿಸಿ. ಒಂದೇ ಫೈಲನ್ನು ಇಬ್ಬರು ಲೋಡರುಗಳು ತಂದರೆ ಅವು ಎರಡು ಕ್ಲಾಸುಗಳೇ. ಕ್ಲಾಸಿನ ಹೆಸರು 'ಗ್ರಾಹಕ' ಎಂದಿದ್ದರೆ, ಆಗ 'ಗ್ರಾಹಕನನ್ನು ಗ್ರಾಹಕನಾಗಿ ಪರಿವರ್ತಿಸಲಾಗದು' ಎಂಬರ್ಥದ ವಿಚಿತ್ರ ಎರರ್ ಬರುತ್ತದೆ. ಮೊದಲ ಸಲ ಕಂಡವರು ಕನ್ನಡಕ ಒರೆಸಿಕೊಂಡು ಮತ್ತೆ ಓದುತ್ತಾರೆ. ಈಚಿನ ಜಾವಾ ಆವೃತ್ತಿಗಳು ಕರುಣೆ ತೋರಿ ಲೋಡರುಗಳ ವಿವರವನ್ನೂ ಜೊತೆಗೆ ಹೇಳುತ್ತವೆ.

● ಸಿ ಶಾರ್ಪ್ ಬಳಸುವ ಡಾಟ್‌ನೆಟ್‌ನಲ್ಲಿ 'ಟೈಮರ್' ಹೆಸರಿನವರು ಕಡೇಪಕ್ಷ ಮೂವರು: ಸಿಸ್ಟಮ್.ಥ್ರೆಡಿಂಗ್, ಸಿಸ್ಟಮ್.ಟೈಮರ್ಸ್, ಸಿಸ್ಟಮ್.ವಿಂಡೋಸ್.ಫಾರ್ಮ್ಸ್ ಈ ಮೂರೂ ಮನೆಗಳಲ್ಲಿ ಒಬ್ಬೊಬ್ಬ. ಮೂವರ ಸ್ವಭಾವವೂ ಬೇರೆ.

● ಐಫೋನಿನ ಹಳೆಯ ಭಾಷೆ ಆಬ್ಜೆಕ್ಟಿವ್-ಸಿಯಲ್ಲಿ ಪ್ಯಾಕೇಜ್ ಪದ್ಧತಿಯೇ ಇರಲಿಲ್ಲ. ಎಲ್ಲರೂ ಹೆಸರಿನ ಹಿಂದೆ ಅಕ್ಷರಗಳನ್ನು ಅಂಟಿಸುತ್ತಿದ್ದರು. 'ಎನ್‌ಎಸ್‌ಸ್ಟ್ರಿಂಗ್' ಎಂಬಲ್ಲಿನ ಎನ್‌ಎಸ್, ಸ್ಟೀವ್ ಜಾಬ್ಸ್ ಆ್ಯಪಲ್ ಬಿಟ್ಟಿದ್ದಾಗ ಕಟ್ಟಿದ ಕಂಪನಿಯ 'ನೆಕ್ಸ್ಟ್‌ಸ್ಟೆಪ್' ವ್ಯವಸ್ಥೆಯ ನೆನಪು.

● ಪಿಎಚ್‌ಪಿ ಭಾಷೆಗೆ ಪ್ಯಾಕೇಜಿನಂಥ ಸೌಲಭ್ಯ ಬಂದದ್ದು 2009ರಲ್ಲಿ, 5.3ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅಡಿಗೆರೆ ಹಾಕಿ ಹಾಕಿ ಮಾರುದ್ದದ ಕ್ಲಾಸ್ ಹೆಸರು ಬರೆಯುತ್ತಿದ್ದರು.

● ಪೈಥಾನ್ ಕಲಿಯಲು ಹೊರಟವರು 'ರ‍್ಯಾಂಡಮ್' ಲೈಬ್ರರಿಯನ್ನು ಪರೀಕ್ಷಿಸಲು ತಮ್ಮ ಫೈಲಿಗೂ 'ರ‍್ಯಾಂಡಮ್' ಎಂದೇ ಹೆಸರಿಡುತ್ತಾರೆ. ಪೈಥಾನ್ ಮೊದಲು ಹುಡುಕುವುದು ಆ ಫೈಲಿರುವ ಫೋಲ್ಡರಿನಲ್ಲೇ. ಹಾಗಾಗಿ ಫೈಲು ತನ್ನನ್ನು ತಾನೇ ಇಂಪೋರ್ಟ್ ಮಾಡಿಕೊಂಡು ಕಂಗೆಡುತ್ತದೆ. 2024ರ ಪೈಥಾನ್ 3.13 'ಫೈಲಿನ ಹೆಸರು ಬದಲಿಸಿ ನೋಡಿ' ಎಂದು ಸಲಹೆಯನ್ನೇ ಕೊಡುತ್ತದೆ.

● ಜಾವಾ 25 ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಒಂದೇ ಸಾಲಿನಲ್ಲಿ ಇಡೀ ಮಾಡ್ಯೂಲನ್ನು, ಅಂದರೆ ಹತ್ತಾರು ಪ್ಯಾಕೇಜುಗಳನ್ನು, ಇಂಪೋರ್ಟ್ ಮಾಡುವ ಸೌಲಭ್ಯ ಅದರಲ್ಲಿ ಖಾಯಂ ಆಯಿತು. ಜಾವಾ.ಬೇಸ್, ಜಾವಾ.ಡೆಸ್ಕ್‌ಟಾಪ್ ಎರಡನ್ನೂ ಹೀಗೆ ಕರೆದು 'ಲಿಸ್ಟ್' ಎಂದು ಬರೆಯಿರಿ. ಯಾವ ಮನೆಯ ಲಿಸ್ಟ್ ಎಂಬ 1998ರ ಪ್ರಶ್ನೆ ಮತ್ತೆ ಹಾಜರ್. ಮದ್ದೂ ಅದೇ.

● ಕೊನೆಯದಾಗಿ, ಜಾವಾದಲ್ಲಿ ಕ್ಲಾಸಿಗೆ ಕನ್ನಡದಲ್ಲೇ ಹೆಸರಿಡಬಹುದು. 'ಕೊಠಡಿ' ಎಂದಿಟ್ಟಿರಿ ಎನ್ನಿ. ಯುನಿಕೋಡಿನಲ್ಲಿ ಇದರ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ 'ಕೊಠಡಿ'ಯೇ. ಪೈಥಾನ್ ಎರಡನ್ನೂ ಒಂದೇ ರೂಪಕ್ಕೆ ತಂದು ಒಂದೇ ಹೆಸರೆನ್ನುತ್ತದೆ. ಜಾವಾ ಮಾತ್ರ ಎರಡೆಂದು ಎಣಿಸಿ, ಒಂದೇ ಪ್ಯಾಕೇಜಿನಲ್ಲಿ ಎರಡು ಕೊಠಡಿ ಕಟ್ಟಲು ಬಿಡುತ್ತದೆ. ಇಲ್ಲಿ ಪೂರ್ತಿ ವಿಳಾಸ ಹೇಳಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಮೂವರು ಮಂಜುನಾಥರ ಇನಿಷಿಯಲ್ಲೂ ಒಂದೇ ಆದಾಗ ಮೇಷ್ಟ್ರು ಮಾಡುವಂತೆ, ಯಾರಾದರೂ ಒಬ್ಬರ ಹೆಸರನ್ನು ಬದಲಿಸುವುದೇ ಗತಿ!