ಹಳೆ ಪೆಟ್ಟಿಗೆ ಇನ್ನೂ ನೀರು ಕುಡಿಯುತ್ತದೆ

ಆಷಾಢದಲ್ಲಿ ಎರಡು ಕೈ ಹಾಕಿ ಎಳೆದರೂ ಬಾರದ ಮೇಜಿನ ಖಾನೆ ಶಿವರಾತ್ರಿಯ ಹೊತ್ತಿಗೆ ಒಂದೇ ಬೆರಳಿಗೆ ಜಾರಿ ಬರುತ್ತದೆ. ಮರ ಕಡಿದು ಎಂಬತ್ತು ವರ್ಷವಾಗಿದ್ದರೂ ಅದಕ್ಕೆ ಮಳೆಗಾಲ ಮರೆತಿರುವುದಿಲ್ಲ. ಹಳೆಯ ಸಂದೂಕ, ಬೀರು, ಪೆಠಾರಿ ಕೊಳ್ಳಲು ಹೊರಟವರು ಕೆತ್ತನೆ, ಹಿತ್ತಾಳೆ ಬಳೆ, ಪಾಲಿಶ್ ನೋಡಿ ಮರುಳಾಗುತ್ತಾರೆ. ವಯಸ್ಸನ್ನು ಅಂಗಡಿಯವನು ಹೇಳುತ್ತಾನೆ, ನಾವು ನಂಬುತ್ತೇವೆ. ನಾನು ಮೊದಲು ನೋಡುವುದು ಆ ಮರ ಇಷ್ಟು ವರ್ಷ ಹೇಗೆ ಹಿಗ್ಗಿ ಕುಗ್ಗಿದೆ ಎಂಬುದನ್ನು. ಅದು ಎಷ್ಟು ಹಳೆಯದು, ಅಸಲಿಯೋ ಅಲ್ಲವೋ, ನಮ್ಮ ಮನೆಯಲ್ಲಿ ಬಾಳುತ್ತದೋ ಇಲ್ಲವೋ ಎಂಬುದೆಲ್ಲ ಮುಕ್ಕಾಲುಪಾಲು ಅಲ್ಲೇ ಗೊತ್ತಾಗುತ್ತದೆ.

ಮರವೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಕೊಳವೆಯ ಟೊಳ್ಳಿನಲ್ಲಿರುವ ನೀರು ಆರಿದರೆ ಅಳತೆಯಲ್ಲಿ ವ್ಯತ್ಯಾಸವಾಗದು. ಆಮೇಲೆ ಕೊಳವೆಯ ಗೋಡೆಗಳೇ ಹಿಡಿದಿಟ್ಟುಕೊಂಡ ನೀರು ಉಳಿಯುತ್ತದೆ; ಒಣಮರದ ತೂಕಕ್ಕೆ ಹೋಲಿಸಿದರೆ ಅದು ಸುಮಾರು ಶೇ. 28ರಿಂದ 30. ಇದು ಇಳಿಯತೊಡಗಿದಾಗ ಮರ ಕುಗ್ಗುತ್ತದೆ, ಏರಿದಾಗ ಹಿಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಹಸಿ ತೇಗ ಪೂರ್ತಿ ಒಣಗಿದರೆ ಬೆಳವಣಿಗೆಯ ಉಂಗುರದ ಗುಂಟ ಸುಮಾರು ಶೇ. 5.8ರಷ್ಟು ಕುಗ್ಗುತ್ತದೆ, ನಡುವಿನಿಂದ ತೊಗಟೆಯ ಕಡೆಗೆ ಸುಮಾರು ಶೇ. 2.5 ಮಾತ್ರ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಅದೂ ತೇಗ ಮರಗಳ ಪೈಕಿ ಸಾಧು!

ಇದರ ಪರಿಣಾಮ ಎಷ್ಟೆಂದು ನೋಡಿ. ಕರಾವಳಿಯ ಮಳೆಗಾಲದಲ್ಲಿ ಪೆಟ್ಟಿಗೆಯ ಮರದ ನೀರಿನಂಶ ಶೇ. 18ರ ಆಸುಪಾಸಿಗೆ ಏರಬಲ್ಲದು. ಅದೇ ಪೆಟ್ಟಿಗೆಯನ್ನು ಬಯಲುಸೀಮೆಯ ಬೇಸಿಗೆಗೋ ಸದಾ ಏಸಿ ಓಡುವ ಕೋಣೆಗೋ ಒಯ್ದರೆ ಶೇ. 8ಕ್ಕೆ ಇಳಿಯುತ್ತದೆ. ಉಂಗುರದ ಗುಂಟ ಸೀಳಿದ 45 ಸೆಂ.ಮೀ. ಅಗಲದ ತೇಗದ ಹಲಗೆ ಅಷ್ಟರಲ್ಲಿ ಎಂಟೊಂಬತ್ತು ಮಿಲಿಮೀಟರ್ ಕಿರಿದಾಗುತ್ತದೆ. ಕುಗ್ಗಲು ಜಾಗ ಕೊಡದೆ ಬಿಗಿದಿದ್ದರೆ ಸೀಳದೆ ಗತಿಯಿಲ್ಲ. ಕರಾವಳಿಯ ನೆಂಟರ ಮನೆಯಿಂದ ನಾವೊಂದು ಹಲಸಿನ ಪೆಠಾರಿಯನ್ನು ಬೆಂಗಳೂರಿಗೆ ತಂದಿದ್ದೆವು. ಮೊದಲ ಬೇಸಿಗೆಯಲ್ಲಿ ಒಂದು ನಡುರಾತ್ರಿ ಪಟಾಕಿ ಸಿಡಿದಂತೆ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಮುಚ್ಚಳದ ಉದ್ದಕ್ಕೂ ಬಿರುಕು. ತಪ್ಪು ಪೆಠಾರಿಯದಲ್ಲ, ಹಿಂದೆ ಯಾರೋ ರಿಪೇರಿ ಮಾಡುವಾಗ ಮುಚ್ಚಳಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಕೂರಿಸಿ ಎರಡೂ ತುದಿಗೆ ಸ್ಕ್ರೂ ಬಿಗಿದಿದ್ದರು.

ಹಳೆಯ ಆಚಾರ್ರಿಗೆ ಈ ಗುಣ ಚೆನ್ನಾಗಿ ಗೊತ್ತಿತ್ತು. ಬೀರುವಿನ ಬಾಗಿಲಲ್ಲಿ ಚೌಕಟ್ಟಿಗೆ ಸಪೂರ ಕಾಲುವೆಯಂಥ ಗಾಡಿ ತೋಡಿ, ನಡುವಿನ ಹಲಗೆಯನ್ನು ಅಂಟು ಹಾಕದೆ ಅದರೊಳಗೆ ಸುಮ್ಮನೆ ಕೂರಿಸುತ್ತಿದ್ದರು. ಹಲಗೆ ಒಳಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಅಂಥ ಬಾಗಿಲಿನಲ್ಲಿ ಹಲಗೆಯ ಅಂಚಿನ ಬಳಿ ಪಾಲಿಶ್ ತಾಗದ ಒಂದೆರಡು ಮಿಲಿಮೀಟರ್ ಗೆರೆ ಕಂಡರೆ ನನಗೆ ಸಂತೋಷ. ಪಾಲಿಶ್ ಮಾಡಿದ ಮೇಲೆ ಮರ ಕುಗ್ಗಿದೆ ಎಂದು ಅದರ ಅರ್ಥ. ಲೇತಿನಲ್ಲಿ ಕಡೆದ ದುಂಡು ಕಾಲಿದ್ದರೆ ವರ್ನಿಯರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆಯಿರಿ. ಕಡೆದಾಗ ದುಂಡಗಿದ್ದದ್ದು ಕಾಲಕ್ರಮದಲ್ಲಿ ಒಂದಿಷ್ಟು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಎಲ್ಲ ಕಡೆಯೂ ಕರಾರುವಾಕ್ಕಾಗಿ ದುಂಡಗಿದ್ದರೆ "ನೂರೈವತ್ತು ವರ್ಷದ್ದು ಸಾರ್" ಎಂಬ ಮಾತನ್ನು ಅಲ್ಲಿಗೇ ಬಿಟ್ಟು ಬನ್ನಿ.

ನಕಲು ಮಾಡುವವರೂ ಜಾಣರೇ. ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು ಬಳಿದರೆ ಹೊಸ ಮರ ಒಂದೇ ದಿನದಲ್ಲಿ ಅಜ್ಜನ ಕಾಲದ ಕಂದು ಬಣ್ಣಕ್ಕೆ ಬರುತ್ತದೆ. ಹಾಗಾಗಿ ಬಣ್ಣ ನಂಬಬೇಡಿ, ಖಾನೆಯನ್ನು ಪೂರ್ತಿ ಹೊರಗೆಳೆದು ಅದರ ತಳ, ಬೆನ್ನು ಸವರಿ. ಕೈಯಿಂದ ಕೀಸುಳಿ ಹೊಡೆದ ಹಲಗೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಅಲೆಗಳು ಬೆರಳಿಗೆ ಸಿಗುತ್ತವೆ. ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳಿದ್ದರೆ, ಕೈಕೆಲಸದಲ್ಲಿ ಒಂದು ಹಲ್ಲು ಇನ್ನೊಂದರಂತೆ ಇರುವುದಿಲ್ಲ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ಅದನ್ನು ರಿಪೇರಿಯಲ್ಲಿ ಹಾಕಿರಲೂಬಹುದು, ನಿಜ. ಎಲ್ಲ ಕಡೆಯೂ ಅದೇ ಇದ್ದರೆ ರಿಪೇರಿಯ ಮಾತು ನಿಲ್ಲುವುದಿಲ್ಲ.

ನನಗೆ ಬಹಳ ಇಷ್ಟವಾದ ಸಾಕ್ಷಿ ಕುಟ್ಟೆ ಹುಳುವಿನದು. ಇದರ ಮರಿ ಮರದೊಳಗೆ ವಕ್ರವಾಗಿ ಸುರಂಗ ಕೊರೆಯುತ್ತ ತಿಂದು, ದುಂಬಿಯಾದ ಮೇಲೆ ಒಂದೆರಡು ಮಿಲಿಮೀಟರ್ ಅಗಲದ ದುಂಡು ತೂತು ಮಾಡಿಕೊಂಡು ಹೊರಬರುತ್ತದೆ. ಅಂದರೆ ಮೇಲ್ಮೈಯಲ್ಲಿ ದುಂಡು ತೂತು ಮಾತ್ರ ಕಾಣಬೇಕು. ಅರ್ಧ ಸೀಳಿದ ಕೊಳವೆಯಂಥ ಗೀರು ಹಲಗೆಯ ಮೇಲೆ ಓಡಿದ್ದರೆ, ಹುಳು ತಿಂದ ಮೇಲೆ ಆ ಮರವನ್ನು ಕೊಯ್ದಿದ್ದಾರೆ ಎಂದಾಯಿತು. ಹಳೆ ಮನೆಯ ತೊಲೆಯೋ ಬಾಗಿಲೋ ಹೊಸ 'ಹಳೆ ಪೆಟ್ಟಿಗೆ' ಆಗಿದೆ. ಅದರಲ್ಲಿ ಪಾಪವೇನಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಲಿ. ಡ್ರಿಲ್ ಮಾಡಿದ ಸುಳ್ಳು ತೂತಿಗೆ ಸೂಜಿ ಚುಚ್ಚಿದರೆ ನೇರವಾಗಿ ಹೋಗಿ ತಳ ಮುಟ್ಟುತ್ತದೆ.

ಹುಳು ಇನ್ನೂ ಒಳಗಿದೆಯೇ? ತೂತಿನ ಅಂಚು ಚೂಪಾಗಿದ್ದು ಒಳಗೆ ಬೆಳ್ಳಗೆ ಕಂಡರೆ, ಟಾಲ್ಕಂ ಪೌಡರಿನಂಥ ನುಣುಪು ಪುಡಿ ಉದುರಿದರೆ, ಅನುಮಾನಪಡಿ. ಗಸಗಸೆಯಂಥ ಕಾಳು ಕಾಳಾದ ಹಿಕ್ಕೆ ಸಿಕ್ಕರೆ ಅದು ಒಣಮರದ ಗೆದ್ದಲು. ಲೆನ್ಸಿನಲ್ಲಿ ನೋಡಿದರೆ ಪ್ರತಿ ಕಾಳಿಗೂ ಆರು ಮುಖ. ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಕಾದು ನೋಡಿ. ಕುಟ್ಟೆಗೆ ಬೇಕಾದ್ದು ಮರದ ಹೊರಭಾಗದ ಪಿಷ್ಟ, ಒಳಗಿನ ಗಟ್ಟಿ ಭಾಗವಾದ ಚೇಗಿನ ಗೊಡವೆಗೆ ಅದು ಹೋಗುವುದಿಲ್ಲ. ತೇಗದ ಚೇಗಿನಲ್ಲಂತೂ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕವಿದೆ, ಗೆದ್ದಲಿಗೆ ಅದು ಆಗದು. ಆದರೆ ತೇಗದ ಹೊರಗಿನ ಬಿಳಿ ಭಾಗಕ್ಕೆ ಈ ರಕ್ಷಣೆಯಿಲ್ಲ. ಆದ್ದರಿಂದ "ಸಾಗುವಾನಿ ಸಾರ್" ಎಂದರೆ ಸಾಲದು, ಎಷ್ಟು ಚೇಗು ಎಂದು ಕೇಳಬೇಕು. ಬೋರಾಕ್ಸ್ ದ್ರಾವಣ ಹುಳುವಿಗೆ ಒಳ್ಳೆಯ ಮದ್ದು. ಪಾಲಿಶ್ ಇರುವ ಮೈಗೆ ಹಚ್ಚಿದರೆ ಒಳಗಿಳಿಯದು, ಪಾಲಿಶ್ ಇಲ್ಲದ ತಳಕ್ಕೂ ಬೆನ್ನಿಗೂ ಹಚ್ಚಬೇಕು. ಬೀಟೆಯೋ ತೇಗವೋ ಎಂಬ ಜಗಳ ತೀರದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಚೂರು ಮರ ಕೊಟ್ಟರೆ ಅದರ ರಂಧ್ರಗಳ ಜೋಡಣೆ ನೋಡಿ ಜಾತಿ ಹೇಳಬಲ್ಲವರು ಅಲ್ಲಿದ್ದಾರೆ.

ಇನ್ನು ಮೈಮೇಲಿನ ಲೇಪ. ಹಳೆಯ ಪಾಲಿಶ್ ಹೆಚ್ಚಾಗಿ ಅರಗಿನದು, ಅಂದರೆ ಅರಗಿನ ಹುಳುವಿನ ಅಂಟನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ್ದು. ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟರೆ ಅದು ಮೆತ್ತಗಾಗಿ ಅಂಟಂಟಾಗುತ್ತದೆ. ಈಚಿನ ಮೆಲಮೈನ್, ಪಾಲಿಯುರೆಥೇನ್ ಜಗ್ಗುವುದಿಲ್ಲ.

ಬಣ್ಣ ಬಳಿದ ಪೆಟ್ಟಿಗೆಯಾದರೆ ಎಚ್ಚರ ಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಸಾಮಾನ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಹಳೆಯ ಬಣ್ಣವನ್ನು ಮನೆಯೊಳಗೆ ಉಪ್ಪುಕಾಗದದಿಂದ ಒಣದಾಗಿ ಉಜ್ಜಿದರೆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಕಾಳು ತುಂಬಿಡುತ್ತಿದ್ದ ಪತ್ತಾಯ, ಪೆಠಾರಿಗಳಿಗೆ ಇನ್ನೊಂದು ಚರಿತ್ರೆಯೂ ಇರಬಹುದು. ಹುಳುವಿಗೆಂದು ಬಿಎಚ್‌ಸಿ ಪುಡಿ ಉದುರಿಸುತ್ತಿದ್ದ ಕಾಲವೊಂದಿತ್ತು. 1997ರಲ್ಲಿ ನಿಷೇಧವಾದ ಆ ಪುಡಿ ಬೇಗ ನಾಶವಾಗುವಂಥದಲ್ಲ. ಒಳಗೆ ಔಷಧದ ಘಾಟು ಹೊಡೆದರೆ ಅದರಲ್ಲಿ ತಿನ್ನುವ ಪದಾರ್ಥ, ಕೂಸಿನ ಬಟ್ಟೆ ಇಡುವುದು ಬೇಡ.

ಇಷ್ಟೆಲ್ಲ ತಾಪತ್ರಯಕ್ಕಿಂತ ಕಬ್ಬಿಣದ ಅಲ್ಮೆರಾ ವಾಸಿಯಲ್ಲವೇ? ಮಲೆನಾಡಿನ ಜುಲೈನಲ್ಲಿ ಅಲ್ಲ. ಕಬ್ಬಿಣ ತಣ್ಣಗಾದಾಗ ಒಳಗಿನ ಆವಿ ಅದರ ಮೈಮೇಲೇ ಹನಿಯಾಗುತ್ತದೆ. ಮರದ ಪೆಟ್ಟಿಗೆ ಆ ಆವಿಯನ್ನು ತಾನು ಕುಡಿದು, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಹೊರಗಿನ ಏರಿಳಿತ ಒಳಗಿನ ರೇಷ್ಮೆ ಸೀರೆಗೆ ತಡವಾಗಿ, ಮೆತ್ತಗೆ ತಲುಪುತ್ತದೆ. ಗೋಡೆಗೆ ನಾಲ್ಕು ಬೆರಳು ಬಿಟ್ಟು ಇಡಿ, ಏಸಿಯ ಗಾಳಿ ನೇರ ಬಡಿಯದಿರಲಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆಯಿದ್ದರೆ, ನೂರು ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ 1972ರ ಕಾನೂನು ತಡೆಯುತ್ತದೆ. ಬೀಟೆಯಾದರೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿರ್ಬಂಧವೂ ಸೇರಿಕೊಳ್ಳುತ್ತದೆ.

ತಂದ ಮೊದಲ ಮಳೆಗಾಲದಲ್ಲಿ ಖಾನೆ ಬಿಗಿಯಾಯಿತೆಂದು ಕೀಸುಳಿ ಹೊಡೆಸಬೇಡಿ. ನಾನು ಹೊಡೆಸಿದ್ದೇನೆ, ಈಗ ಬೇಸಿಗೆಯಲ್ಲಿ ಅದು ಗಡಗಡ ಅಲ್ಲಾಡುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿ, ದೀಪಾವಳಿ ಕಳೆಯುವವರೆಗೆ ಕಾಯಿರಿ.