ಮನೆ ಹರಡಿಕೊಂಡಿದ್ದರೆ ಅದು ಸೋಮಾರಿತನವೇ?

ಒಗೆದ ಬಟ್ಟೆ ಮೂರು ದಿನದಿಂದ ಕುರ್ಚಿಯ ಮೇಲೇ ಇದ್ದರೆ ಸುದ್ದಗುಂಟೆಪಾಳ್ಯದಲ್ಲೂ ಬೈಗುಳ ಸೊಸೆಗೇ: ‘ಸೋಮಾರಿ’. ಆಕೆಗೆ ಎಡಿಎಚ್‌ಡಿ, ಅಂದರೆ ಗಮನ ಕೊರತೆಯ ತೊಂದರೆ ಇದ್ದರೆ ಈ ಮಾತು ತಪ್ಪು. ಬಟ್ಟೆ ಮಡಚಲು ಬರುವುದಿಲ್ಲವೆಂದಲ್ಲ. ಕೆಲಸ ಶುರುಮಾಡುವುದು, ಮುಂದೇನೆಂದು ನೆನಪಿಟ್ಟುಕೊಂಡು ಮುಗಿಸುವುದು ಕಷ್ಟ. ಡಬ್ಬಿಯ ಮುಚ್ಚಳ ಹುಡುಕಲು ಹೋಗಿ ಇಡೀ ಶೆಲ್ಫ್ ಕೆಳಗಿಳಿಸಿ, ಅಲ್ಲಿಗೇ ಬಿಟ್ಟಿರುತ್ತಾರೆ. (ಬೈದರೆ ಮುಚ್ಚಳವೇನೂ ಸಿಗದು.) ಕಣ್ಣಿಗೆ ಕಾಣದ್ದು ಮರೆತೇಹೋಗುವವರಿಗೆ ಬಾಗಿಲಿಲ್ಲದ ಶೆಲ್ಫ್, ತೆರೆದ ಬುಟ್ಟಿಗಳೇ ವಾಸಿ ಎನ್ನುತ್ತೇವೆ ನಾವು.

ಹಾಗೆಂದು ಹರಡಿದ ಮನೆಯೆಲ್ಲ ಎಡಿಎಚ್‌ಡಿಯಲ್ಲ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಹಲವು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಅದಕ್ಕೇ ವೈದ್ಯರು ಶಾಲೆಯ ದಿನಗಳನ್ನು ಕೆದಕುತ್ತಾರೆ. ಅನುಮಾನವಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.