‘ಖಿನ್ನತೆಯ ಜೀನ್’ ಹುಡುಕಲು ಹೋಗಿ ವಿಜ್ಞಾನ ಎಡವಿದ್ದು ಹೇಗೆ?

‘ಖಿನ್ನತೆಯ ಜೀನ್ ಪತ್ತೆ’, ‘ಸಿಟ್ಟಿನ ಜೀನ್ ಪತ್ತೆ’ ಅನ್ನೋ ತಲೆಬರಹ ಕಂಡಾಗಲೆಲ್ಲ ನಾನು ಮೊದಲು ಹುಡುಕೋದು ಒಂದೇ ಸಂಗತಿ: ಎಷ್ಟು ಜನರನ್ನು ಪರೀಕ್ಷೆ ಮಾಡಿದ್ದಾರೆ? ಈ ಅನುಮಾನಕ್ಕೆ ಕಾರಣವಿದೆ.

2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನ 847 ಜನರ ಅಧ್ಯಯನವೊಂದು ಬಂತು. ಸೆರೊಟೋನಿನ್ ಸಾಗಣೆಯ ಜೀನ್‌ನ ‘ಗಿಡ್ಡ’ ರೂಪ ಇರುವವರು, ಬದುಕಿನಲ್ಲಿ ಪೆಟ್ಟು ತಿಂದಾಗ ಉಳಿದವರಿಗಿಂತ ಸುಲಭವಾಗಿ ಖಿನ್ನತೆಗೆ ಜಾರುತ್ತಾರೆ ಎಂದಿತು ಅದು. ಆಮೇಲೆ ಇದೇ ಜೀನ್ ಮೇಲೆ ನೂರಾರು ಪ್ರಬಂಧಗಳು ಬಂದವು.

ವಿಧಾನದಲ್ಲೇ ತೊಡಕಿತ್ತು. ಮನುಷ್ಯನಲ್ಲಿರುವ ಸುಮಾರು 20,000 ಜೀನ್‌ಗಳಲ್ಲಿ ‘ಇದೇ ಇರಬೇಕು’ ಎಂದು ಊಹಿಸಿ ಒಂದನ್ನು ಆರಿಸೋದು, ಕೆಲವು ನೂರು ಜನರಲ್ಲಿ ಅದನ್ನು ಪರೀಕ್ಷಿಸೋದು. ಒಂದೊಂದು ಜೀನ್‌ನ ಪ್ರಭಾವ ಬಹಳ ಸಣ್ಣದಾದರೆ, ಇಷ್ಟು ಕಡಿಮೆ ಜನರಲ್ಲಿ ಅದು ಕಾಣುವುದೇ ಇಲ್ಲ. ಕಂಡಂತಾದರೆ ಅದು ಬಹುಪಾಲು ಆಕಸ್ಮಿಕ. ಹೆಂಗಸರನ್ನು ಮಾತ್ರ ನೋಡೋಣ, ಯುವಕರನ್ನು ಮಾತ್ರ ನೋಡೋಣ ಅಂತ ಅಂಕಿಅಂಶಗಳನ್ನು ಹತ್ತು ಥರ ಸೀಳಿದರೆ, ಎಲ್ಲೋ ಒಂದು ಕಡೆ ‘ಫಲಿತಾಂಶ’ ಸಿಕ್ಕೇ ಸಿಗುತ್ತೆ. ಸಿಕ್ಕಿದ್ದು ಅಚ್ಚಾಗುತ್ತೆ, ಸಿಗದಿದ್ದು ಕಪಾಟಿನಲ್ಲೇ ಉಳಿಯುತ್ತೆ.

ಜೀನ್ ಮತ್ತು ಪರಿಸರದ ನಂಟು ಹುಡುಕಿದ ಹತ್ತು ವರ್ಷಗಳ ಇಂಥ ಅಧ್ಯಯನಗಳನ್ನು ಡಂಕನ್ ಮತ್ತು ಕೆಲ್ಲರ್ 2011ರಲ್ಲಿ ಪರಿಶೀಲಿಸಿದರು. ಮೊದಲ ಬಾರಿಯ ಅಧ್ಯಯನಗಳಲ್ಲಿ ಶೇ. 96ರಷ್ಟು ‘ಯಶಸ್ವಿ’, ಅದನ್ನೇ ಮತ್ತೆ ಪರೀಕ್ಷಿಸಿದಾಗ ಯಶಸ್ಸು ಶೇ. 27 ಮಾತ್ರ! 2019ರಲ್ಲಿ ಬಾರ್ಡರ್ ಮತ್ತು ಸಂಗಡಿಗರು ಖಿನ್ನತೆಯ 18 ‘ಪ್ರಸಿದ್ಧ’ ಜೀನ್‌ಗಳನ್ನು 62 ಸಾವಿರದಿಂದ 4.4 ಲಕ್ಷದವರೆಗಿನ ಜನರ ಮಾಹಿತಿಯಲ್ಲಿ ಹುಡುಕಿದರು. ಬೇರೆ ಯಾವುದೋ ಜೀನ್‌ಗಳಿಗಿಂತ ಇವುಗಳಲ್ಲಿ ವಿಶೇಷವೇನೂ ಕಾಣಲಿಲ್ಲ.

ಇದು ಬರೀ ಪ್ರಯೋಗಾಲಯದೊಳಗಿನ ಜಗಳವಲ್ಲ. ಇದೇ ವಿಧಾನದಿಂದ ಹುಟ್ಟಿದ್ದು ‘ಯೋಧ ಜೀನ್’ ಕಥೆ. 2006ರಲ್ಲಿ ನ್ಯೂಜಿಲೆಂಡಿನ ಮಾವೊರಿ ಸಮುದಾಯದ ಆಕ್ರಮಣಶೀಲತೆಗೆ ಆ ಜೀನ್ ಅನ್ನು ತಳುಕು ಹಾಕಲಾಯಿತು. ವಸಾಹತುಶಾಹಿ ಕಿತ್ತುಕೊಂಡ ನೆಲ, ಬಡತನ ಎಲ್ಲ ಬದಿಗೆ ಸರಿದು, ತಪ್ಪು ‘ರಕ್ತ’ದ ಮೇಲೆ ಬಿತ್ತು. 2009ರಲ್ಲಿ ಇಟಲಿಯ ನ್ಯಾಯಾಲಯವೊಂದು ಇಂಥ ಜೀನ್‌ಗಳನ್ನು ಪರಿಗಣಿಸಿ ಕೊಲೆ ಅಪರಾಧಿಯ ಶಿಕ್ಷೆಯಲ್ಲಿ ಒಂದು ವರ್ಷ ಕಡಿತ ಮಾಡಿತು.

ಹಾಗಂತ ಮನೋರೋಗದಲ್ಲಿ ಅನುವಂಶೀಯತೆಗೆ ಪಾತ್ರವೇ ಇಲ್ಲ ಎಂದಲ್ಲ. ಲಕ್ಷಾಂತರ ಜನರ ಇಡೀ ಜೀನೋಮ್ ಜಾಲಾಡುವ ಈಗಿನ ಅಧ್ಯಯನಗಳು ತೋರಿಸುತ್ತಿರುವುದು ನೂರಾರು ಸಣ್ಣ ಸಣ್ಣ ವ್ಯತ್ಯಾಸಗಳನ್ನು. ಒಂದೊಂದರ ಪಾಲು ಚಿಟಿಕೆಯಷ್ಟು.

ಆದ್ದರಿಂದ ಒಬ್ಬ ವ್ಯಕ್ತಿಯ ಅಥವಾ ಒಂದು ಸಮುದಾಯದ ಹಣೆಬರಹವನ್ನು ಒಂದೇ ಜೀನ್‌ನಲ್ಲಿ ಓದಿದೆವು ಎಂದು ಯಾರಾದರೂ ಹೇಳಿದರೆ ಕೇಳಿ: ಎಷ್ಟು ಜನರಲ್ಲಿ ನೋಡಿದಿರಿ? ಬೇರೆಯವರು ಮತ್ತೆ ಪರೀಕ್ಷಿಸಿದಾಗ ಏನಾಯಿತು?